ಮಂಗ ಓಡಿಸುವ ಈಡು: ಗುಂಡು, ಚರೆ, ಬರಿ ಮದ್ದು, ಪಟಾಕಿಗಳಲ್ಲಿ ಯಾವುದು?

ಅಡಿಕೆ ಎಳೆಗಾಯಿ ಕಟ್ಟುವ ಹೊತ್ತಿಗೆ ಮಲೆನಾಡಿನ ತೋಟದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಮಂಗಗಳನ್ನು ಯಾವುದರಿಂದ ಓಡಿಸುವುದು? ಮನೆಯಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬಿ ಹೊಡೆಯುವ, ಅಜ್ಜನ ಕಾಲದ ಕೇಪಿನ ಕೋವಿ ಇದೆ, ಬೆಳೆ ರಕ್ಷಣೆಯ ಪರವಾನಗಿಯೂ ಇದೆ. ಅದನ್ನೇ ಬಳಸುವುದೋ, ಸಿದ್ಧ ತೋಟೆ (ಕಾರ್ಟ್ರಿಜ್) ಹಾಕುವ ತೋಟಾ ಕೋವಿ ಕೊಳ್ಳುವುದೋ, ಪಟಾಕಿಯಲ್ಲೇ ಸುಧಾರಿಸುವುದೋ, ಪೇಟೆಯಲ್ಲಿ ಸಿಗುವ ಪೈಪಿನ ಗನ್ ತರುವುದೋ? ತೀರ್ಥಹಳ್ಳಿ, ಹೊಸನಗರ, ಸಾಗರ, ಯಾವ ಕಡೆಯವರು ಕೇಳಿದರೂ ಮಾತು ಮುಗಿಯುವುದು ಒಂದೇ ರೀತಿ: ‘ಕೊಲ್ಲುವುದಕ್ಕಲ್ಲ, ಗಾಳಿಯಲ್ಲಿ ಹೊಡೆಯುವುದು. ಗಾಳಿಯಲ್ಲಿ ಹೊಡೆದರೆ ಯಾರಿಗೇನು ತೊಂದರೆ?’

ತೊಂದರೆ ಇದೆ. ಎಷ್ಟು ಎನ್ನುವುದು ನಳಿಗೆಯಿಂದ ಹೊರಟದ್ದು ಏನು, ಯಾವ ಕೋನದಲ್ಲಿ ಹೊರಟಿತು ಎನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಬೆಲೆ ಮತ್ತು ಸದ್ದಿಗಿಂತ ಮೊದಲು ನೋಡಬೇಕಾದದ್ದು, ಹೊಡೆದ ಮೇಲೆ ಕೆಳಗೆ ಬರುವುದು ಏನು ಎಂಬುದನ್ನು.

ಯಾವುದನ್ನು ತೂಗಿ ನೋಡಬೇಕು?

ನನ್ನ ಲೆಕ್ಕದಲ್ಲಿ ಮೊದಲನೆಯದು, ಬೀಳುವ ವಸ್ತುವಿನ ಪೆಟ್ಟು. ಇದಕ್ಕೆ ಎರಡು ಅಳತೆಗೋಲುಗಳಿವೆ. ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿ ಬರುವ ಗುಂಡು ಮನುಷ್ಯನ ಚರ್ಮವನ್ನು ಸೀಳಬಲ್ಲದು. ಇನ್ನೊಂದು, ಒಬ್ಬ ಸೈನಿಕನನ್ನು ನಿಷ್ಕ್ರಿಯಗೊಳಿಸುವ ಗಾಯಕ್ಕೆ ಅಮೆರಿಕದ ಸೇನೆ ಹಿಂದೆ ಇಟ್ಟುಕೊಂಡಿದ್ದ ಲೆಕ್ಕ: 60 ಅಡಿ-ಪೌಂಡ್, ಅಂದರೆ ಸುಮಾರು 80 ಜೂಲ್ (ಜೂಲ್ ಎಂದರೆ ಪೆಟ್ಟಿನ ಶಕ್ತಿಯ ಅಳತೆ). ಇದು ಯುದ್ಧದ ಲೆಕ್ಕ. ತಲೆಬುರುಡೆ ಇನ್ನೂ ಗಟ್ಟಿಯಾಗದ ಮಗುವಿಗೆ, ಕಣ್ಣಿಗೆ, ಕತ್ತಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು.

ಎರಡನೆಯದು ದೂರ. ಬೀಳುವ ಜಾಗ ನಿಮ್ಮ ಬೇಲಿಯೊಳಗೇ ಇದೆಯೇ, ಪಕ್ಕದ ಮನೆಯ ಅಂಗಳದಲ್ಲಿದೆಯೇ? ಮೂರನೆಯದು, ಮಂಗಕ್ಕೆ ಅದರ ಭಯ ಎಷ್ಟು ದಿನ ಇರುತ್ತದೆ ಎಂಬುದು. ಆಮೇಲೆ ಕಾನೂನು. ಖರ್ಚನ್ನು ನಾನು ಕೊನೆಗೆ ಇಡುತ್ತೇನೆ. ಮೊದಲ ಎರಡರಲ್ಲಿ ಸೋತ ವಸ್ತು ಪುಕ್ಕಟೆ ಸಿಕ್ಕರೂ ಬೇಡ.

ಮೇಲೆ ಹೋದದ್ದು ಇಳಿಯುವ ಬಗೆ

ಗಾಳಿಯೇ ಇಲ್ಲದಿದ್ದರೆ ಗುಂಡು ಯಾವ ವೇಗದಲ್ಲಿ ಮೇಲೆ ಹೋಯಿತೋ ಅದೇ ವೇಗದಲ್ಲಿ ಮರಳಿ ಬರುತ್ತಿತ್ತು. ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಹೊರಟ ರೈಫಲ್ ಗುಂಡು 34 ಕಿಲೋಮೀಟರ್ ಏರಿ, ಅದೇ 820ರಲ್ಲಿ ನೆಲಕ್ಕೆ ಬಡಿಯಬೇಕಿತ್ತು. ನಿಜದಲ್ಲಿ ಅದು ಮೂರು ಕಿಲೋಮೀಟರ್ ಕೂಡ ಏರುವುದಿಲ್ಲ. ಇಳಿಯುವಾಗ ಭೂಮಿಯ ಸೆಳೆತ ವೇಗ ಹೆಚ್ಚಿಸುತ್ತಾ ಹೋದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಎರಡೂ ಸಮವಾದ ಮೇಲೆ ವೇಗ ಏರುವುದು ನಿಲ್ಲುತ್ತದೆ. ಆಗುಂಬೆಯ ಮಳೆಹನಿಗೂ ಇದೇ ನಿಯಮ: ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಗಾಳಿಯ ತಡೆಯಿಲ್ಲದೆ ಬಿದ್ದಿದ್ದರೆ ಹನಿ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ನಮ್ಮ ತಲೆಗೆ ಬಡಿಯುತ್ತಿತ್ತು, ದಪ್ಪ ಹನಿಯೂ ಸುಮಾರು 9 ಮೀಟರ್‌ ವೇಗದಲ್ಲಿ ಬೀಳುವುದರಿಂದ ನಾವು ಮಳೆಯಲ್ಲಿ ಓಡಾಡುತ್ತೇವೆ. ಹನಿ ಹಗುರ, ಸೀಸ ಭಾರ. ಹಾಗಾಗಿ ಸೀಸದ ಮಿತಿ ಇನ್ನೂ ಮೇಲಿರುತ್ತದೆ.

ಇದನ್ನು ಕಣ್ಣಾರೆ ನೋಡಿದವರಿದ್ದಾರೆ. 1920ರ ಸುಮಾರಿಗೆ ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಫ್ಲಾರಿಡಾದ ಕರಾವಳಿಯಲ್ಲಿ, ಆಳವಿಲ್ಲದ ನೀರಿನ ಮಧ್ಯೆ ಹತ್ತು ಅಡಿ ಚೌಕದ ಅಟ್ಟಣಿಗೆ ಕಟ್ಟಿಸಿ, ತಲೆಯ ಮೇಲೆ ಉಕ್ಕಿನ ತಗಡು ಹೊದಿಸಿ, ಅಲ್ಲಿಂದ ಮೆಷಿನ್‌ಗನ್ನನ್ನು ನೆಟ್ಟಗೆ ಆಕಾಶಕ್ಕೆ ಹಾರಿಸಿದರು. ಬಿದ್ದ ಗುಂಡು ನೀರಿನಲ್ಲಿ ಚಿಮ್ಮಿಸುವ ಹನಿಗಳಿಂದ ಅದು ಬಿದ್ದ ಜಾಗ ತಿಳಿಯುತ್ತಿತ್ತು. ಐನೂರಕ್ಕೂ ಹೆಚ್ಚು ಗುಂಡುಗಳಲ್ಲಿ ಅಟ್ಟಣಿಗೆಯ ಮೇಲೆ ಬಿದ್ದದ್ದು ನಾಲ್ಕೇ; ಉಳಿದವನ್ನು ಗಾಳಿ ಎಲ್ಲೆಲ್ಲಿಗೋ ಒಯ್ದಿತ್ತು. 150 ಗ್ರೇನ್, ಅಂದರೆ ಹತ್ತು ಗ್ರಾಮಿಗಿಂತ ತುಸು ಕಡಿಮೆ ತೂಕದ ಗುಂಡು 18 ಸೆಕೆಂಡ್ ಏರಿ, ಸುಮಾರು 9,000 ಅಡಿ ಮುಟ್ಟಿ, 31 ಸೆಕೆಂಡಿನಲ್ಲಿ ಇಳಿಯುತ್ತದೆ ಎಂದು ಲೆಕ್ಕ ಸಿಕ್ಕಿತು. ಇಳಿಯುವ ವೇಗ ಸೆಕೆಂಡಿಗೆ ಸುಮಾರು 300 ಅಡಿ, ನಮ್ಮ ಲೆಕ್ಕದಲ್ಲಿ 90 ಮೀಟರ್. ಪೆಟ್ಟು ಸುಮಾರು 40 ಜೂಲ್. ನೆಟ್ಟಗೆ ಹೋದ ಗುಂಡು ತಿರುಗುತ್ತಲೇ ಇರುವುದರಿಂದ ಮೂತಿ ಮೇಲಾಗಿಯೇ ಉಳಿದು, ಬುಡ ಕೆಳಗಾಗಿ ಬೀಳುತ್ತದೆ. ಹಾಗೆ ಬಿದ್ದದ್ದು ಮೆದು ಪೈನ್ ಹಲಗೆಯಲ್ಲಿ ಮಾಡಿದ ಕುಳಿ ಇಂಚಿನ ಹದಿನಾರನೇ ಒಂದು ಭಾಗ ಮಾತ್ರ.

ಈ ಪ್ರಯೋಗದ ಸುದ್ದಿ ಅರ್ಧ ಕೇಳಿದವರು ‘ಬೀಳುವ ಗುಂಡಿನಿಂದ ಸಾವಿಲ್ಲ’ ಎನ್ನುತ್ತಾರೆ. ಸೇನೆಯ 80 ಜೂಲಿಗಿಂತ ಕಡಿಮೆ ಎಂಬುದೇನೋ ಸರಿ. ಆದರೆ ಚರ್ಮ ಸೀಳುವ 60 ಮೀಟರ್ ವೇಗವನ್ನು ಅದು ದಾಟಿಯಾಗಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ನಿಲುಗಟ್ಟಿನ ಮೇಲೆ ಕೋವಿ ಬಿಗಿದು ತೊಂಬತ್ತು ಡಿಗ್ರಿಗೆ ಸರಿಯಾಗಿ ಹೊಡೆಯುವವರು ಪ್ರಯೋಗ ಮಾಡುವವರು ಮಾತ್ರ. ತೋಟದಲ್ಲಿ ನಿಂತು ‘ಗಾಳಿಯಲ್ಲಿ’ ಹೊಡೆಯುವವರ ನಳಿಗೆ ಮರದ ತುದಿಯತ್ತ, ಮೂವತ್ತು ನಲವತ್ತು ಡಿಗ್ರಿಗೆ ವಾಲಿರುತ್ತದೆ. ಹಾಗೆ ಹೊರಟ ರೈಫಲ್ ಗುಂಡು ಬಿಲ್ಲಿನಂತೆ ಬಾಗಿದ ದಾರಿಯುದ್ದಕ್ಕೂ ಮೂತಿ ಮುಂದಾಗಿಯೇ ಸಾಗುತ್ತದೆ, ಅಡ್ಡ ವೇಗವನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ, ಹೆಚ್ಚು ವೇಗದಲ್ಲಿ ಬಂದು ಬಡಿಯುತ್ತದೆ.

ಆಸ್ಪತ್ರೆಗಳ ದಾಖಲೆ ಇದನ್ನೇ ಹೇಳುತ್ತದೆ. ಲಾಸ್ ಏಂಜಲೀಸ್‌ನ ಒಂದು ಆಸ್ಪತ್ರೆಗೆ 1985ರಿಂದ 1992ರವರೆಗೆ ಬೀಳುವ ಗುಂಡಿನಿಂದ ಗಾಯಗೊಂಡು ಬಂದವರು 118 ಜನ. ಅವರಲ್ಲಿ 38 ಮಂದಿ ಸತ್ತರು. ಬಹುಪಾಲು ಪೆಟ್ಟು ತಲೆಗೆ. ಪೋರ್ಟೊರಿಕೊದಲ್ಲಿ 2003ರ ವರ್ಷಾಂತ್ಯದ ಸಂಭ್ರಮದ ಗುಂಡುಗಳಿಂದ 19 ಜನರಿಗೆ ಗಾಯವಾಗಿ ಒಬ್ಬರು ತೀರಿಕೊಂಡರು. 1999ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ತನ್ನ ಮನೆಯ ಹಿತ್ತಲಲ್ಲಿ ನಿಂತಿದ್ದಾಗ ಹೀಗೆ ಸತ್ತಳು. ಮರುವರ್ಷ ಆ ರಾಜ್ಯ ಊರೊಳಗೆ ಅಜಾಗರೂಕವಾಗಿ ಗುಂಡು ಹಾರಿಸುವುದನ್ನು ಘೋರ ಅಪರಾಧವೆಂದು ಕಾನೂನು ಮಾಡಿತು.

ಮಲೆನಾಡಿಗೆ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ, ಇದನ್ನು ಬಯಲುಸೀಮೆಯ ಲೆಕ್ಕದಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಅಡಿಕೆ ತೋಟಗಳು ಕಣಿವೆಯ ತಳದಲ್ಲಿ, ಮನೆಗಳು ಎದುರಿನ ಏರಿನಲ್ಲಿ. ಒಂದು ಕಿಲೋಮೀಟರ್ ಆಚೆ, ನಿಮ್ಮ ತೋಟಕ್ಕಿಂತ ನೂರು ಮೀಟರ್ ಎತ್ತರದಲ್ಲಿ ಒಂದು ಮನೆಯಿದ್ದರೆ, ಅದರತ್ತ ನಳಿಗೆ ಎತ್ತಬೇಕಾದ ಕೋನ ಆರೇ ಡಿಗ್ರಿ. ನಿಮಗೆ ‘ಮೇಲೆ’ ಎನಿಸಿದ್ದು ಆ ಮನೆಯವರ ಜಗಲಿ. ಅಷ್ಟು ದೂರದಲ್ಲೂ ಮೇಲೆ ಹೇಳಿದಂಥ ರೈಫಲ್ ಗುಂಡಿನ ವೇಗ ಸೆಕೆಂಡಿಗೆ 300 ಮೀಟರ್ ಆಸುಪಾಸಿನಲ್ಲಿರುತ್ತದೆ. ಅದು ಬೀಳುವ ಗುಂಡಲ್ಲ, ಹಾರುತ್ತಿರುವ ಗುಂಡು. ಕಾಡು ಅಡ್ಡ ಇರುವುದರಿಂದ ಆ ಮನೆ ನಿಮಗೆ ಕಾಣುವುದೂ ಇಲ್ಲ.

ರೈಫಲ್ ಮತ್ತು ಒಂಟಿ ಗುಂಡು

ರೈಫಲ್ ವಿಷಯವನ್ನು ಇಲ್ಲಿಗೇ ಮುಗಿಸುತ್ತೇನೆ. ನಮ್ಮಲ್ಲಿ ಪರವಾನಗಿಗೆ ಸಿಗುವ .315 ರೈಫಲಿನ ಗುಂಡು ಹ್ಯಾಚರ್ ಹೊಡೆದದ್ದಕ್ಕಿಂತ ಭಾರ. ಅದೇ ಲೆಕ್ಕ ಹಾಕಿದರೆ ಇಳಿಯುವ ವೇಗ ಸೆಕೆಂಡಿಗೆ ನೂರು ಮೀಟರ್ ಸಮೀಪಿಸುತ್ತದೆ, ಓರೆಯಾಗಿ ಹೊಡೆದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಹೆದರಿಸುವ ಕೆಲಸಕ್ಕೆ ಇದು ಯಾವ ತೋಟಕ್ಕೂ ಬೇಡ.

ಜನ ಎಡವುವುದು ಒಂಟಿ ಗುಂಡಿನ ವಿಷಯದಲ್ಲಿ. ‘ನಮ್ಮದು ಹಳೆಯ ಕೋವಿ, ರೈಫಲಿನಷ್ಟು ಜೋರಿಲ್ಲ’ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಲೆಕ್ಕ ಹಾಕಿ ನೋಡೋಣ. 12 ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮ ಗುಂಡುಗಳಾಗುವ ಅಳತೆಯ ನಳಿಗೆ. ಹಾಗಾಗಿ ನಳಿಗೆ ತುಂಬುವ ಒಂದು ಗುಂಡಿನ ತೂಕ ಸುಮಾರು 38 ಗ್ರಾಂ, ವ್ಯಾಸ 18.5 ಮಿಲಿಮೀಟರ್. ಗೋಲಾಕಾರದ ಸೀಸಕ್ಕೆ ಗಾಳಿಯ ತಡೆಯ ಲೆಕ್ಕ ಸುಲಭ: ಇದು ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಲ್ಲಿ ಇಳಿಯುತ್ತದೆ. ಹ್ಯಾಚರ್ ಅವರ ರೈಫಲ್ ಗುಂಡಿಗಿಂತ ನಿಧಾನ, ಆದರೆ ನಾಲ್ಕು ಪಟ್ಟು ಭಾರ. ಪೆಟ್ಟು ಸುಮಾರು 90 ಜೂಲ್. ಸೇನೆಯ ಅಳತೆಗೋಲನ್ನೂ ಇದು ಮೀರಿತು. ನಳಿಗೆಯಿಂದ ಎಷ್ಟೇ ಮೆಲ್ಲಗೆ ಹೊರಟಿರಲಿ, ಸಾಕಷ್ಟು ಮೇಲೆ ಹೋದ ಗುಂಡು ಇಳಿಯುವ ವೇಗವನ್ನು ತೀರ್ಮಾನಿಸುವುದು ಅದರ ತೂಕ ಮತ್ತು ಆಕಾರ, ಮದ್ದಿನ ಜೋರಲ್ಲ. ಕೇಪಿನ ಕೋವಿಗೆ ಹಾಕುವ ಹದಿನೈದು ಮಿಲಿಮೀಟರಿನ ಸಣ್ಣ ಗುಂಡೂ ಸೆಕೆಂಡಿಗೆ ಅರವತ್ತು ಮೀಟರ್ ದಾಟುತ್ತದೆ.

ಅಜ್ಜನ ಕೋವಿಯ ಒಂಟಿ ಗುಂಡು ಆಕಾಶಕ್ಕೆ ಹೋಗಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮಂಗಳೂರು ಹೆಂಚು ಅದನ್ನು ತಡೆಯುತ್ತದೆ ಎಂದು ನಂಬಿ ಮಕ್ಕಳನ್ನು ಕೆಳಗೆ ಮಲಗಿಸಲಾಗದು.

ಚರೆ: ದಪ್ಪವೋ ಸಣ್ಣವೋ

ಚರೆ ಎಂದರೆ ಒಂದೇ ಈಡಿನಲ್ಲಿ ಒಟ್ಟಿಗೆ ಹೊರಡುವ ಸೀಸದ ಸಣ್ಣ ಗೋಲಿಗಳು. ತೋಟಾ ಕೋವಿ ಇದ್ದವರಿಗೆ ಆಯ್ಕೆ ಇರುವುದು ಇಲ್ಲಿ, ಮತ್ತು ವ್ಯತ್ಯಾಸ ಬಹಳ ದೊಡ್ಡದು. ಸೀಸದ ಗೋಲಿಯ ವ್ಯಾಸ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಇಳಿಯುವ ವೇಗವೂ ಹೆಚ್ಚಿ, ಒಟ್ಟು ಪೆಟ್ಟು ಹದಿನಾರು ಪಟ್ಟಾಗುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಗೊಂದಲವಿರುವುದಿಲ್ಲ.

ದೊಡ್ಡ ಪ್ರಾಣಿಗಳ ಬೇಟೆಗೆಂದು ಮಾಡಿದ ಎಲ್‌ಜಿ ತೋಟೆಯ ಚರೆ ಸುಮಾರು 9 ಮಿಲಿಮೀಟರ್. ಒಂದೊಂದೂ ನಾಲ್ಕೂವರೆ ಗ್ರಾಂ ತೂಗುವ ಆರು ಗೋಲಿಗಳು ಒಟ್ಟಿಗೆ ಹೊರಡುತ್ತವೆ. ಪ್ರತಿಯೊಂದೂ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಇಳಿಯುತ್ತದೆ, ಪೆಟ್ಟು ಸುಮಾರು 5 ಜೂಲ್. ಚರ್ಮ ಸೀಳುವ ವೇಗದ ಹೊಸ್ತಿಲಿಗೆ ಇದು ತೀರಾ ಹತ್ತಿರ. ತಲೆಗೆ ಬಿದ್ದರೆ ರಕ್ತ ಬರುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಎರಡೂವರೆ ಮಿಲಿಮೀಟರಿನ ಹಕ್ಕಿ ಚರೆಯನ್ನು ನೋಡಿ. ತೂಕ ಒಂದು ಗ್ರಾಮಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ, ಇಳಿಯುವ ವೇಗ ಸೆಕೆಂಡಿಗೆ 26 ಮೀಟರ್, ಪೆಟ್ಟು ಒಂದು ಜೂಲಿನ ಮೂವತ್ತನೇ ಒಂದು ಭಾಗ. ತಗಡಿನ ಮಾಡಿನ ಮೇಲೆ ಚಟಪಟ ಸದ್ದಾಗುತ್ತದೆ, ಅಷ್ಟೇ. ಎತ್ತರದಿಂದ ಇಳಿದು ಬಂದದ್ದಕ್ಕೆ ಮಾತ್ರ ಈ ಮಾತು. ನೇರವಾಗಿ, ಹತ್ತಿರದಿಂದ ತಾಗಿದರೆ ಇದೇ ಚರೆ ಕೊಲ್ಲುತ್ತದೆ.

ದೂರಕ್ಕೂ ಒಂದು ಕೈಲೆಕ್ಕವಿದೆ. ಫ್ರೆಂಚ್ ಸೇನಾಧಿಕಾರಿ ಜುರ್ನೇ ಅವರ ಹೆಸರಿನಲ್ಲಿ ಪ್ರಸಿದ್ಧವಾದದ್ದು: ಚರೆಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ ಸುಮಾರು 80 ಮೀಟರ್. ಹಕ್ಕಿ ಚರೆ 200 ಮೀಟರಿಗೆ ನಿಲ್ಲುತ್ತದೆ, ಎಲ್‌ಜಿ 700 ಮೀಟರ್ ದಾಟುತ್ತದೆ, 12 ಬೋರಿನ ಒಂಟಿ ಗುಂಡು ಒಂದೂವರೆ ಕಿಲೋಮೀಟರಿನ ಹತ್ತಿರ ಹೋಗುತ್ತದೆ. ನಿಮ್ಮ ತೋಟದ ಸುತ್ತ 200 ಮೀಟರಿನೊಳಗೆ ಮನೆ, ರಸ್ತೆ, ಶಾಲೆ, ಪಕ್ಕದವರ ಕೊಟ್ಟಿಗೆ ಏನಿದೆ ಎಂದು ನಡೆದು ನೋಡಿಬಿಡಿ. ಮೊಬೈಲಿನ ನಕ್ಷೆಯಲ್ಲೂ ಅಳೆಯಬಹುದು. ಕೊನೆಕೊಯ್ಲಿನ ಕಾಲದಲ್ಲಿ ಪಕ್ಕದ ತೋಟದ ಮರದ ತುದಿಯಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ಯುವ ಕೊನೆಗಾರ ಇರುತ್ತಾನೆ ಎನ್ನುವುದನ್ನೂ ಮರೆಯಬಾರದು. ಅವನಿಗೆ ಬೀಳುವ ಚರೆಯ ಭಯವಿಲ್ಲ, ನೇರ ಬರುವ ಚರೆಯದು.

ಚರೆಯ ಇನ್ನೊಂದು ಕೊರತೆ: ಮರದ ತುದಿಯತ್ತ ಹೊಡೆದಾಗ ಮಂಗಕ್ಕಿಂತ ಮೊದಲು ನಮ್ಮದೇ ಅಡಿಕೆ ಕೊನೆಗೆ, ಸಿಂಗಾರಕ್ಕೆ (ಹೂಗೊಂಚಲಿಗೆ) ತಾಗುತ್ತದೆ. ಮಂಗಕ್ಕೆ ತಾಗಿದರಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎದುರಿಗೆ ನಿಲ್ಲುತ್ತದೆ. ಬೆಳೆ ರಕ್ಷಣೆಯ ಪರವಾನಗಿ ಎಂದರೆ ಕೊಲ್ಲುವ ಅನುಮತಿಯಲ್ಲ.

ಬರಿ ಮದ್ದು

ಕೇಪಿನ ಕೋವಿಯವರಿಗೆ ನನ್ನ ಮೊದಲ ಸಲಹೆ ಇದೇ. ಗುಂಡೂ ಇಲ್ಲ, ಚರೆಯೂ ಇಲ್ಲ. ಮದ್ದು, ಅದರ ಮೇಲೆ ಅದುಮಿದ ನಾರು ಅಥವಾ ಕಾಗದ. ಸದ್ದು ಕಣಿವೆ ತುಂಬುತ್ತದೆ, ಆಕಾಶದಿಂದ ಇಳಿದು ಬರುವುದು ಸುಟ್ಟ ನಾರಿನ ಚೂರು ಮಾತ್ರ. ಮೊದಲ ಎರಡು ಪರೀಕ್ಷೆಗಳಲ್ಲಿ ಇದಕ್ಕೆ ಸಾಟಿಯಿಲ್ಲ, ಖರ್ಚೂ ತೋಟೆಗಿಂತ ಕಡಿಮೆ.

ಅಪಾಯ ಬೇರೆ ಕಡೆಯಿಂದ ಬರುತ್ತದೆ. ಅದುಮಿದ ನಾರಿನ ಮುದ್ದೆ ನಳಿಗೆಯ ಬಾಯಿಂದ ಕೆಲವು ಮಾರು ದೂರದವರೆಗೆ ಗುಂಡಿನಂತೆಯೇ ಹೋಗುತ್ತದೆ. ಎದುರಿಗೆ ಯಾರೂ ಇರಬಾರದು. ಹೊತ್ತಿಕೊಂಡೇ ಹೊರಬರುವುದೂ ಉಂಟು. ಮಳೆಗಾಲದಲ್ಲಿ ಚಿಂತೆಯಿಲ್ಲ. ಫೆಬ್ರವರಿ ಕಳೆದ ಮೇಲೆ ಸೊಪ್ಪಿನಬೆಟ್ಟದ ದರಗಿನ ಮೇಲೆ ಅಂಥ ಒಂದು ಕಿಡಿ ಬಿದ್ದರೆ ಮಂಗ ತಿಂದದ್ದಕ್ಕಿಂತ ನೂರು ಪಟ್ಟು ಹೋಗುತ್ತದೆ. ಬೇಸಿಗೆಯಲ್ಲಿ ಇದನ್ನು ತೋಟದ ತಳದಲ್ಲಿ, ಹಸಿ ನೆಲದ ಬಳಿ ಮಾತ್ರ ಹೊಡೆಯಿರಿ. ಮಾಸಿ ತೆಳುವಾದ ಹಳೆಯ ನಳಿಗೆಯನ್ನು ಪರವಾನಗಿ ಇರುವ ಬಂದೂಕು ರಿಪೇರಿಯವರಿಗೆ ತೋರಿಸದೆ ಬಳಸಬೇಡಿ.

ಪಟಾಕಿ, ಪೈಪಿನ ಗನ್, ನಾಯಿ

ಪಟಾಕಿಗೆ ಪರವಾನಗಿ ಬೇಡ, ಮೇಲಿಂದ ಸೀಸ ಬೀಳುವುದಿಲ್ಲ. ಆಟಂ ಬಾಂಬಿನ ಸದ್ದಿಗೆ ಮಂಗಗಳು ಓಡುತ್ತವೆ, ಬೇಗ ಒಗ್ಗಿಕೊಳ್ಳುತ್ತವೆ ಕೂಡ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಿಂದ ಹಚ್ಚುವವರ ತೋಟದಲ್ಲಿ ಇನ್ನೂ ಬೇಗ. ರಾಕೆಟ್ ಬೇಡ, ಅದು ಎಲ್ಲಿ ಬೀಳುತ್ತದೆಂದು ಹಚ್ಚಿದವರಿಗೂ ಗೊತ್ತಿರುವುದಿಲ್ಲ.

ಪೈಪಿನ ಗನ್ ಎಂದರೆ ಕಾರ್ಬೈಡಿಗೆ ನೀರು ತಾಗಿದಾಗ ಹುಟ್ಟುವ ಅನಿಲವನ್ನು ಸಿಡಿಸುವ ಪ್ಲಾಸ್ಟಿಕ್ ನಳಿಗೆ. ಬೀಳುವ ವಸ್ತುವಿನ ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ, ಸದ್ದೂ ಕೋವಿಯಂತೆಯೇ. ಆದರೂ ನಾನು ಯಾರಿಗೂ ಹೇಳುವುದಿಲ್ಲ. ಸಿಡಿಯದಿದ್ದಾಗ ಒಳಗೆ ಇಣುಕಿ ನೋಡುವುದು ಮನುಷ್ಯಸಹಜ, ಆ ಕ್ಷಣದಲ್ಲೇ ಅದು ಸಿಡಿಯುತ್ತದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥದೇ ಗನ್ನುಗಳಿಂದ ಎಷ್ಟೋ ಮಕ್ಕಳ ಕಣ್ಣಿಗೆ ಗಾಯವಾಯಿತು. ಇಲ್ಲಿ ಪೆಟ್ಟು ಪಕ್ಕದ ಊರಿನವರಿಗಲ್ಲ, ಹಿಡಿದವರಿಗೆ.

ನಾಯಿ ನಿಧಾನದ ದಾರಿ, ನಂಬಿಕೆಯ ದಾರಿ. ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದದ್ದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಗಿತ್ತು. ಬಣ್ಣ ಇರಲಿ ಬಿಡಲಿ, ತೋಟ ಸುತ್ತುವ ಎರಡು ಚುರುಕು ನಾಯಿಗಳ ಜೊತೆಗೆ ಆಗೊಮ್ಮೆ ಈಗೊಮ್ಮೆ ಒಂದು ಸದ್ದು ಸೇರಿದರೆ, ಸದ್ದಿಗೆ ಮಂಗ ಒಗ್ಗಿಕೊಳ್ಳುವುದು ತಡವಾಗುತ್ತದೆ.

ಕಾನೂನು

ಮದುವೆ, ಉತ್ಸವ, ಗೆಲುವಿನ ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸಿದರೆ, 2019ರ ಆಯುಧ ತಿದ್ದುಪಡಿ ಕಾಯ್ದೆಯಂತೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದಕ್ಕೆ ಯಾರಿಗೂ ತಾಗಿರಬೇಕಾಗಿಲ್ಲ. ತೋಟದಲ್ಲಿ ಹೊಡೆದದ್ದು ಸಂಭ್ರಮವಲ್ಲ ನಿಜ. ಆದರೂ ಅಜಾಗರೂಕವಾಗಿ ಹೊಡೆದು ಜೀವಕ್ಕೆ ಅಪಾಯ ತಂದರೆ ಇದೇ ಶಿಕ್ಷೆ ಅನ್ವಯಿಸುತ್ತದೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಿದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುವುದೂ ನಮಗೆ ಹೊಸದಲ್ಲ. ಕೋವಿಯೊಂದನ್ನೇ ನಂಬಿದವರ ತೋಟ ಆಗ ಬರಿದಾಗುತ್ತದೆ.

ಹಾಗಾದರೆ ನಿಮಗೆ ಯಾವುದು?

ತೋಟದ ಸುತ್ತ 200 ಮೀಟರಿನೊಳಗೆ ಒಂದಾದರೂ ಮನೆಯೋ ದಾರಿಯೋ ಇದ್ದರೆ ಚರೆಯ ಮಾತು ಬಿಡಿ. ಕೇಪಿನ ಕೋವಿ ಇದ್ದರೆ ಬರಿ ಮದ್ದು, ಇಲ್ಲದಿದ್ದರೆ ಪಟಾಕಿ ಮತ್ತು ನಾಯಿ. ಹೊಸ ಕೋವಿಗೆಂದು ಸಾಲ ಮಾಡಬೇಕಾಗಿಲ್ಲ. ಆ ದುಡ್ಡಿನಲ್ಲಿ ಕೊನೆ ಬಲಿಯುವ ತಿಂಗಳುಗಳಿಗೆ ಒಬ್ಬ ಕಾವಲಿನವರನ್ನು ಇಟ್ಟುಕೊಳ್ಳುವುದು ಲೇಸು. ಬೆಳಗ್ಗೆ ಮತ್ತು ಸಂಜೆ ಜಾಗ ಬದಲಿಸುತ್ತಾ ಸದ್ದು ಮಾಡುವ ಮನುಷ್ಯನಿಗೆ ಮಂಗ ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ.

ಸುತ್ತ ಕಾಡೇ ಇರುವ ಒಂಟಿ ಮನೆಯವರು, ಈಗಾಗಲೇ ತೋಟಾ ಕೋವಿ ಮತ್ತು ಪರವಾನಗಿ ಇದ್ದವರು ಸಣ್ಣ ಹಕ್ಕಿ ಚರೆಯನ್ನೇ ಕೊಳ್ಳಿ. ಸಾಧ್ಯವಾದಷ್ಟು ನೆಟ್ಟಗೆ, ನಿಮ್ಮದೇ ತೋಟದ ನೆತ್ತಿಯ ಮೇಲೆ ಹೊಡೆಯಿರಿ. ಎದುರು ಗುಡ್ಡದ ಕಡೆಗೆ ನಳಿಗೆ ವಾಲಬಾರದು. ಮನೆಯಲ್ಲಿ ಎಲ್‌ಜಿ ತೋಟೆಯೂ ಇದ್ದರೆ ಎರಡನ್ನೂ ಒಂದೇ ಡಬ್ಬದಲ್ಲಿ ಇಡಬೇಡಿ. ಅವಸರದಲ್ಲಿ, ಮಬ್ಬು ಬೆಳಕಿನಲ್ಲಿ ಕೈಗೆ ಸಿಕ್ಕಿದ್ದನ್ನು ತುಂಬುವುದೇ ಹೆಚ್ಚು.

ಶಿವಮೊಗ್ಗ ಪೇಟೆಯ ಅಂಚಿನ ಬಡಾವಣೆಗಳಿಗೆ ಅಂಟಿಕೊಂಡ ತೋಟದವರಿಗೆ ಯಾವ ಕೋವಿಯೂ ಬೇಡ. ಸದ್ದು ಬೇಕೇ ಬೇಕೆಂದರೆ ಪಟಾಕಿ, ಅದೂ ಪಕ್ಕದ ಮನೆಯವರಿಗೆ ಮೊದಲೇ ಹೇಳಿ. ಅಲ್ಲಿ ಯಾರದಾದರೂ ಹೆಂಚೊಡೆದು ಅಟ್ಟದ ಮೇಲೆ ಸೀಸದ ಗುಂಡು ಸಿಕ್ಕಿದರೆ ಅದನ್ನು ಎತ್ತಿಡದೆ, ಹೆಂಚನ್ನೂ ಬದಲಿಸದೆ, ಮೊದಲು ಠಾಣೆಗೆ ತಿಳಿಸಿ. ಒಡೆದ ಹೆಂಚಿನ ತೂತಿನಿಂದ ಗುಂಡು ಬಿದ್ದ ಜಾಗಕ್ಕೆ ಎಳೆದ ಗೆರೆ ಅದು ಬಂದ ದಿಕ್ಕನ್ನು ತೋರಿಸುತ್ತದೆ.